ಒಳಗೆ ಪುಕ್ಕಟೆ, ಹೊರಗೆ ವರಹ

"ನನ್ನ ರಾಜ್ಯದ ಕಡತಗಳು ಮೂರು ಊರಿನ ಕಲ್ಲಿನ ಉಗ್ರಾಣಗಳಲ್ಲಿವೆ! ಇಲಿ ಕಡಿಯುವಂತಿಲ್ಲ, ಗೆದ್ದಲು ತಿನ್ನುವಂತಿಲ್ಲ. ಯಾವ ದೊರೆಗಿದೆ ಈ ಭಾಗ್ಯ?" ಎಂದು ಕಲ್ಗುಂದದ ದೊರೆ ಮಲ್ಲಭೂಪ ಮೀಸೆ ತಿರುವಿದ.

ಸಭೆ ಚಪ್ಪಾಳೆ ತಟ್ಟಿತು. ಸಭೆಗೆ ಸಂಬಳ ಕೊಡುತ್ತಿದ್ದದ್ದೇ ಅದಕ್ಕೆ.

ಉಗ್ರಾಣಗಳು ಸಾಹುಕಾರ ಹಂಪಯ್ಯನವು. ಅವನು ಬರೆಸಿ ತಂದ ತಾಮ್ರಪಟದ ಮೊದಲ ಸಾಲು ಹೀಗಿತ್ತು: "ಒಳಗೆ ಏನು ತಂದರೂ ಸುಂಕವಿಲ್ಲ." ಅಷ್ಟು ಓದಿದ ದೊರೆ ಸಂತೋಷ ತಡೆಯಲಾರದೆ ಮುದ್ರೆ ಒತ್ತಿಸಿಬಿಟ್ಟ. ಎರಡನೆಯ ಸಾಲು ಇತ್ತು: "ಹೊಸ್ತಿಲು ದಾಟಿ ಹೊರಗೆ ಹೋಗುವುದು ಏನೇ ಇರಲಿ, ಸೇರು ತೂಕಕ್ಕೆ ಒಂದು ವರಹ." ಅದನ್ನು ಓದುವ ಪುರುಸೊತ್ತು ಯಾರಿಗಿತ್ತು?

ಅರಮನೆಯ ಕಡತಗಳೆಲ್ಲ ಗಾಡಿಯೇರಿ ಹೋದವು. ರಾಣಿ ತನ್ನ ಒಡವೆಪಟ್ಟಿಯನ್ನು ಮಾತ್ರ ಅರಮನೆಯಲ್ಲೇ ಇಟ್ಟುಕೊಂಡಳು. ಅವಳು ಪೂರ್ತಿ ಓದುವವಳು.

ಆಮೇಲೆ ಶುರುವಾಯಿತು ನೋಡಿ ಮಜಾ. ದೊರೆ ಬೆಳಿಗ್ಗೆ ಎದ್ದು, "ರಾಜ್ಯದಲ್ಲಿ ಆನೆಗಳು ಎಷ್ಟು?" ಎನ್ನುವುದು. ಮೂರು ಊರಿನಿಂದ ಮೂವತ್ತು ಗಾಡಿ ಓಲೆ ಬರುವುದು. ದೊರೆ ಗಾಡಿಗಳ ಸಾಲು ನೋಡಿ "ಭೇಷ್!" ಎಂದು ಹಿಂದಕ್ಕೆ ಕಳಿಸುವುದು. ಮರುದಿನ, "ನಿನ್ನೆ ಆನೆ ಎಷ್ಟು ಅಂದರು? ಮರೆತೇ ಹೋಯಿತು." ಮತ್ತೆ ಅದೇ ಮೂವತ್ತು ಗಾಡಿ.

ಒಂದು ಉಗ್ರಾಣದ ಓಲೆಯನ್ನು ಇನ್ನೊಂದರ ಓಲೆಯ ಜೊತೆ ಹೋಲಿಸಬೇಕಾದರೂ ಸುಂಕ.

"ಎರಡೂ ನಿಮ್ಮದೇ ಉಗ್ರಾಣ ಅಲ್ಲವೇ ಸಾಹುಕಾರರೇ?" ಎಂದರೆ ಹಂಪಯ್ಯ ಕೈಮುಗಿದು ಹೇಳುತ್ತಿದ್ದ, "ನನ್ನವೇ. ಆದರೆ ಹೊಸ್ತಿಲು ಬೇರೆ ಬೇರೆ."

ಆರು ತಿಂಗಳಿಗೆ ಬೊಕ್ಕಸದ ತಳ ಕಂಡಿತು. ತಪ್ಪು ಯಾರದೆಂದು ಹುಡುಕಬೇಕಾಯಿತು. ದೊರೆಯದಂತೂ ಆಗಲು ಸಾಧ್ಯವಿಲ್ಲ, ಅವನು ದೊರೆ. ಹಾಗಾಗಿ ಕಡತಗಳ ಮುಖ್ಯಸ್ಥ ತಿಪ್ಪರಸನದಾಯಿತು.

"ಎಂಟು ದಿನದೊಳಗೆ ಈ ಸುಂಕ ನಿಲ್ಲಬೇಕು. ದಿನಾ ಬೆಳಿಗ್ಗೆ ನನ್ನ ಪ್ರಶ್ನೆಗೆ ಉತ್ತರವೂ ಬರಬೇಕು. ಇಲ್ಲದಿದ್ದರೆ ಸಂಸಾರ ಸಮೇತ ಗಡೀಪಾರು!"

ತಿಪ್ಪರಸ ಒಂಬತ್ತು ಮಣ ತೂಗುವ ಆಳು. ಮಗುವಿನ ಹಾಗೆ ಅಳುತ್ತ ಬೊಮ್ಮರಸನ ಮನೆಗೆ ಬಂದ. ಬೊಮ್ಮರಸ ಆಸ್ಥಾನದಲ್ಲಿ ಚಪ್ಪಾಳೆ ತಟ್ಟದೆ ಸಂಬಳ ತಿನ್ನುತ್ತಿದ್ದ ಒಬ್ಬನೇ ಮನುಷ್ಯ.

"ಮಗಳಿಗೆ ಒಂಬತ್ತು ತಿಂಗಳು ತುಂಬಿದೆ ಬೊಮ್ಮರಸರೇ. ಈ ಸ್ಥಿತಿಯಲ್ಲಿ ಅವಳನ್ನು ಎಲ್ಲಿಗೆ ಕರೆದುಕೊಂಡು ಹೋಗಲಿ?"



"ಅಳಬೇಡಿ. ಚಾಪೆ, ದಿಂಬು ಕಟ್ಟಿಟ್ಟುಕೊಳ್ಳಿ," ಎಂದ ಬೊಮ್ಮರಸ.

ಮರುದಿನ ತುಂಬಿದ ಸಭೆಯಲ್ಲಿ ಬೊಮ್ಮರಸ ಕೇಳಿದ, "ಸಾಹುಕಾರರೇ, ಒಳಗೆ ಏನು ತಂದರೂ ಪುಕ್ಕಟೆಯೇ?"

"ಏನು ತಂದರೂ! ಬಂಡೆ ತನ್ನಿ, ಎಮ್ಮೆ ತನ್ನಿ. ನನ್ನ ಮನಸ್ಸು ದೊಡ್ಡದು."

"ಹೊರಗೆ ಹೋಗುವಾಗ ಏನಾದರೂ ರಿಯಾಯಿತಿ?"

"ಇರುವೆ ಹೊತ್ತ ಸಕ್ಕರೆಗೂ ಸುಂಕವೇ. ತಾಮ್ರಪಟ ಅಂದರೆ ತಾಮ್ರಪಟ!"

"ಎಲ್ಲರೂ ಕೇಳಿಸಿಕೊಂಡಿರಾ?" ಎಂದು ಬೊಮ್ಮರಸ ಕೂತುಕೊಂಡ. ಸಭೆ ಅಭ್ಯಾಸಬಲದಿಂದ ಚಪ್ಪಾಳೆ ತಟ್ಟಿತು.

ಅಂದೇ ಸಂಜೆ ತಿಪ್ಪರಸನೂ ಅವನ ಇಪ್ಪತ್ತು ಮಂದಿ ಬರಹಗಾರರೂ ಮೂರು ಗುಂಪಾಗಿ ಮೂರು ಉಗ್ರಾಣ ಹೊಕ್ಕರು. ಚಾಪೆ, ಪಾತ್ರೆ, ಒರಳುಕಲ್ಲು, ಹಿಂಗಿನ ಡಬ್ಬಿ ಎಲ್ಲವೂ ಒಳಗೆ ಹೋದವು. ಪುಕ್ಕಟೆ.

ಇನ್ನು ಗಾಡಿಗಳಿಗೆ ಕೆಲಸವಿಲ್ಲ. ದೊರೆಯ ದೂತ ಹೊಸ್ತಿಲಾಚೆ ನಿಂತು "ಆನೆ ಎಷ್ಟು?" ಎಂದು ಕೂಗುವನು. ಒಳಗಿದ್ದವರು ಅಲ್ಲೇ ಕಡತ ಬಿಚ್ಚಿ ಎಣಿಸಿ, ಬೆರಳುದ್ದದ ಓಲೆಚೂರಿನಲ್ಲಿ ಉತ್ತರ ಬರೆದು ಕೊಡುವರು. ಹಂಪಯ್ಯನ ಆಳು ಅದನ್ನು ತಕ್ಕಡಿಗೆ ಹಾಕಿದರೆ ತಟ್ಟೆ ಅಲ್ಲಾಡುತ್ತಲೇ ಇರಲಿಲ್ಲ. ಮೂರು ಚೂರು ಕೂಡಿಸಿದರೆ ನೂರಾ ಹನ್ನೆರಡು ಆನೆ. ಬೊಮ್ಮರಸ ಅದನ್ನು ಅರಮನೆಯ ಗೋಡೆಯ ಮೇಲೂ ಬರೆಸಿದ, ದೊರೆ ಮರೆತರೆ ನೋಡಿಕೊಳ್ಳಲಿ ಎಂದು.

ಆರನೆಯ ದಿನ ಹಂಪಯ್ಯ ಓಡಿ ಬಂದ.

"ಮಹಾಸ್ವಾಮಿ, ನಾನು ಹಾಳಾದೆ! ಒಂದು ವರಹ ಹುಟ್ಟುತ್ತಿಲ್ಲ. ನಿಮ್ಮವರು ನನ್ನ ಉಗ್ರಾಣದಲ್ಲೇ ಒಗ್ಗರಣೆ ಹಾಕುತ್ತಾರೆ, ಪಂಚೆ ಒಣಗಿಸುತ್ತಾರೆ. ಹಿಂಗಿನ ವಾಸನೆಗೆ ಏಲಕ್ಕಿ ವ್ಯಾಪಾರಿಗಳು ಸರಕು ತೆಗೆದುಕೊಂಡು ಹೊರಟಿದ್ದಾರೆ. ತಿಪ್ಪರಸನ ಗೊರಕೆಗೆ ಕಾವಲುಗಾರ ಕೆಲಸ ಬಿಟ್ಟ. ದಯಮಾಡಿ ಎಲ್ಲರನ್ನೂ ಹೊರಗೆ ಕರೆಸಿಕೊಳ್ಳಿ!"

ದೊರೆ ಬೊಮ್ಮರಸನ ಮುಖ ನೋಡಿದ.

"ಕರೆಸೋಣ ಪ್ರಭು. ಆದರೆ ಇಪ್ಪತ್ತೊಂದು ಆಳು, ಸೇರಿಗೆ ಒಂದು ವರಹ. ತಿಪ್ಪರಸರೊಬ್ಬರದ್ದೇ ಮುನ್ನೂರ ಅರವತ್ತು ಸೇರು. ಹೋಗುವಾಗ ಅಷ್ಟಿತ್ತು, ಈಗ ಅವರ ಹೆಂಡತಿ ದಿನಾ ಹೋಳಿಗೆ ಕಳಿಸುತ್ತಿದ್ದಾರೆ. ಬೊಕ್ಕಸ ನೋಡಿದರೆ ಖಾಲಿ. ಸಾಹುಕಾರರೇ, ನೀವೇ ಸ್ವಲ್ಪ ಸಾಲ ಕೊಟ್ಟರೆ..."

"ಸುಂಕ ಬೇಡ! ಪುಕ್ಕಟೆ ಹೋಗಲಿ!"

"ಛೆ ಛೆ, ಎಲ್ಲಾದರೂ ಉಂಟೇ? ತಾಮ್ರಪಟ ಅಂದರೆ ತಾಮ್ರಪಟ. ಇರುವೆ ಹೊತ್ತ ಸಕ್ಕರೆಗೂ ಬಿಡದವರು ತಿಪ್ಪರಸರನ್ನು ಹೇಗೆ ಬಿಡುತ್ತೀರಿ?"

ಹಂಪಯ್ಯ ಪೇಟ ತೆಗೆದು ಹಣೆ ಒರೆಸಿಕೊಂಡ. "ಆ ಸಾಲನ್ನೇ ಅಳಿಸಿಬಿಡುತ್ತೇನೆ. ಮನುಷ್ಯರೂ ಹೋಗಲಿ, ಓಲೆಗಳೂ ಹೋಗಲಿ. ಇನ್ನು ಮೇಲೆ ಬಾಡಿಗೆಯೊಂದು ಕೊಟ್ಟರೆ ಸಾಕು."

ಸಭೆಯಲ್ಲೇ ಉಳಿ ತರಿಸಿ ಎರಡನೆಯ ಸಾಲಿನ ಮೇಲೆ ಅಡ್ಡಗೆರೆ ಕೆತ್ತಿಸಿದರು. ತಿಪ್ಪರಸ ಕಂಕುಳಲ್ಲಿ ಕಡತ, ತಲೆಯ ಮೇಲೆ ಒರಳುಕಲ್ಲು ಹೊತ್ತು ಹೊರಗೆ ಬಂದ. ಗಡೀಪಾರಿನ ಮಾತು ರದ್ದಾಯಿತು. ಮೂರನೆಯ ದಿನಕ್ಕೆ ಅವನ ಮಗಳು ತನ್ನ ತವರಿನಲ್ಲೇ ಹೆತ್ತಳು.

ದೊರೆ ಖುಷಿಯಾಗಿ, "ಬೊಮ್ಮರಸ, ಏನು ಬೇಕೋ ಕೇಳು," ಎಂದ.

"ಆ ತಾಮ್ರಪಟ ಕೊಡಿಸಿ ಪ್ರಭು. ತಮ್ಮ ಸಿಂಹಾಸನದ ಎದುರಿನ ಕಂಬಕ್ಕೆ ಹೊಡೆಸಬೇಕು."

"ನನ್ನ ಕೀರ್ತಿಗೋ?"

"ಹೌದು ಪ್ರಭು. ಮುಂದಿನ ಸಾಹುಕಾರ ಬಂದಾಗ, ಎರಡನೆಯ ಸಾಲು ಅಂತ ಒಂದು ಇರುತ್ತದೆ ಎಂದು ತಮಗೆ ನೆನಪಾಗಲಿ."

ದೊರೆ ಮೊದಲು ಕೆಮ್ಮಿದ. ರಾಣಿ ನಗುವುದು ಕೇಳಿಸಿತು. ಕೊನೆಗೆ ಅವನೂ ನಕ್ಕ, ಕೈಯ ಕಡಗ ಬಿಚ್ಚಿ ಬೊಮ್ಮರಸನಿಗೆ ತೊಡಿಸಿದ. ಚಪ್ಪಾಳೆ ತಟ್ಟಬೇಕೋ ಬೇಡವೋ ತಿಳಿಯದೆ ಸಭೆ ಮಾತ್ರ ಕೈಯೆತ್ತಿಕೊಂಡು ಹಾಗೇ ಕೂತಿತ್ತು.