ಅರ್ಧ ಗಡ್ಡದ ಕಾಯಿದೆ

"ಈ ಕಾಯಿದೆಯಲ್ಲಿ ಇರುವೆ ನುಸುಳುವಷ್ಟು ಸಂದಿ ಇದ್ದರೆ ತೋರಿಸಿ, ನೋಡೋಣ" ಎಂದು ಹುಲಿಗುಡ್ಡದ ದೊರೆ ಕೆಂಚಪ್ಪನಾಯಕ ತುಂಬಿದ ಓಲಗದಲ್ಲಿ ಮೀಸೆ ತಿರುವಿದ.

ಊರಿಗೆ ನಡುಗುಜ್ವರ ಬಂದಿತ್ತು. ಒಬ್ಬನಿಗೆ ಬಂದರೆ ಸುತ್ತಲಿದ್ದವರನ್ನೆಲ್ಲ ಹಿಡಿಯುವ ಜ್ವರ ಅದು. ಬೆಳಿಗ್ಗೆ ಎದ್ದಾಗ ಮನುಷ್ಯ ನೆಟ್ಟಗಿರುತ್ತಾನೆ. ಹೊತ್ತು ಮಾರುದ್ದ ಏರಿತೋ, ಗಡಗಡ ನಡುಗಲು ಶುರು. ಊರಿಗಿದ್ದ ಒಬ್ಬರೇ ವೈದ್ಯರು ಗುರುಪಾದಯ್ಯ ಪಂಡಿತರು. ಅವರು ನಾಡಿ ಹಿಡಿದು, ಕಷಾಯ ಕುಡಿಸಿ, 'ಇವನು ಎಂಟು ದಿನ ಮನೆಯಲ್ಲಿ ಮಲಗಲಿ' ಎಂದು ಕೆಲಸ ಕೊಟ್ಟ ಯಜಮಾನನಿಗೆ ಓಲೆ ಬರೆದು ಕಳಿಸುತ್ತಿದ್ದರು. ಹೀಗೆ ಓಲೆಯ ಮೇಲೆ ಓಲೆ ಬಂದು ಕೋಟೆ ಕಟ್ಟುವ ಕೆಲಸ ಅರ್ಧಕ್ಕೇ ನಿಂತಿತು. ದೊರೆಗೆ ಪಿತ್ತ ನೆತ್ತಿಗೇರಿತು.

ಕಾಯಿದೆ ಬಂದದ್ದು ಆ ಪಿತ್ತದಿಂದಲೇ. ಎದ್ದು ನಡೆದು ಬಂದವನು ಗಟ್ಟಿ ಆಳು. ಒಂದು ದಿನ ತಪ್ಪಿಸಿಕೊಂಡರೂ ಅವನ ಕೆಲಸ ಹೋಯಿತು. ಆಳಿಗೆ 'ಮನೆಗೆ ಹೋಗಿ ಮಲಗು' ಎಂದವರು ಯಾರೇ ಆಗಲಿ, ಗಡೀಪಾರು.

ಕಾಯಿದೆಯ ಓಲೆಯನ್ನು ಓದಿ ಹೇಳುತ್ತಿದ್ದ ಆಸ್ಥಾನದ ಕರಣಿಕ ನಂಜರಸ ಕೊನೆಯ ಸಾಲಿಗೆ ಬಂದಾಗ ತಲೆ ಎತ್ತಿದ.

"ಯಾರೇ ಆಗಲಿ ಎಂದರೆ ಯಾರೇ ಆಗಲಿ, ಅಲ್ಲವೇ ಪ್ರಭು?"

"ನಮ್ಮಪ್ಪನೇ ಎದ್ದು ಬಂದು ಹೇಳಿದರೂ ಅಷ್ಟೆ. ಹಾಕು ಮುದ್ರೆ."

ಮೂರನೇ ದಿನಕ್ಕೆ ಗುರುಪಾದಯ್ಯ ಪಂಡಿತರೇ ಸಿಕ್ಕಿಬಿದ್ದರು. ಅರಮನೆಯ ಕ್ಷೌರಿಕ ಸಣ್ಣಯ್ಯನಿಗೆ ಜ್ವರ. ಅವರು ಎಂದಿನಂತೆ ಓಲೆ ಬರೆದಿದ್ದರು. ಸಂಜೆಯೊಳಗೆ ಊರು ಬಿಡಬೇಕೆಂದು ದೊರೆ ಅಪ್ಪಣೆ ಮಾಡಿದ. ಸಣ್ಣಯ್ಯನೋ, ಕೆಲಸ ಕೈಬಿಟ್ಟೀತೆಂದು ಹೆದರಿ ಹಾಸಿಗೆಯಿಂದೆದ್ದು ಬಂದು ಅರಮನೆಯ ಜಗಲಿಯಲ್ಲಿ ಕೂತಿದ್ದ.

ನಂಜರಸನಿಗೆ ಸಂಕಟವಾಯಿತು. ಮೂರು ಕೇರಿಗಳಲ್ಲಿ ಜನ ಮಲಗಿದ್ದಾರೆ, ಪಂಡಿತರು ಹೋದರೆ ನಾಡಿ ಹಿಡಿಯುವ ಕೈ ಇನ್ನೊಂದಿಲ್ಲ. ದೊರೆಗೆ ಎದುರಾಡಿದರೆ ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ. ಅವನು ಹೊರಗೆ ಇಣುಕಿ ಬಿಸಿಲು ನೋಡಿದ. ಇನ್ನೇನು ಹೊತ್ತು ಮಾರುದ್ದ ಏರುತ್ತದೆ.

"ಪ್ರಭು, ಗಡೀಪಾರಿನ ಓಲೆಗೆ ಮುದ್ರೆ ಒತ್ತುವ ಗಳಿಗೆ. ಗಡ್ಡ ಬಿಟ್ಟ ಮುಖದಲ್ಲಿ ಒತ್ತಿದರೆ ದೊರೆಗೇ ಏನೋ ದುಃಖವಾಗಿದೆ ಅಂದುಕೊಳ್ಳುತ್ತಾರೆ ಜನ. ಸಣ್ಣಯ್ಯ ಹೇಗೂ ಬಂದಿದ್ದಾನೆ."

ದೊರೆ ಗಲ್ಲ ಸವರಿಕೊಂಡ. "ಕರಿ ಅವನನ್ನ. ಪಂಡಿತರೂ ಇಲ್ಲೇ ನಿಂತಿರಲಿ."

ಎಡಗಲ್ಲ ಬೆಣ್ಣೆಯಂತೆ ನುಣುಪಾಯಿತು. ಸಣ್ಣಯ್ಯ ಗದ್ದ ಹಿಡಿದೆತ್ತಿ, ಕತ್ತಿಯನ್ನು ಗಂಟಲ ಹತ್ತಿರ ತಂದ. ಅಷ್ಟರಲ್ಲಿ ಅವನ ಕೈ ನಡುಗಲು ಶುರುವಾಯಿತು.

"ಲೇ ಸಣ್ಣಯ್ಯ, ಏನೋ ಇದು?"

"ಏನಿಲ್ಲ ಬುದ್ಧಿ. ನಾನು ಗಟ್ಟಿ ಆಳು."

"ಕೈ ನಡುಗ್ತಾ ಇದೆಯಲ್ಲೋ!"

"ಕಾಯಿದೆ ಪ್ರಕಾರ ನಡುಗ್ತಿಲ್ಲ ಬುದ್ಧಿ."

ಕತ್ತು ಅಲ್ಲಾಡಿಸಲು ದೊರೆಗೆ ಧೈರ್ಯ ಬರಲಿಲ್ಲ. ಹಲ್ಲು ಕಚ್ಚಿಕೊಂಡೇ ಮಾತಾಡಿದ. "ಪಂಡಿತರೇ, ಇವನ ನಾಡಿ ನೋಡಿ."

ಪಂಡಿತರು ನಾಡಿ ಹಿಡಿದು ನಂಜರಸನ ಕಡೆ ನೋಡಿದರು. ನಂಜರಸ ಮೇಲೆ ನೋಡುತ್ತ ಮಾಡಿನ ತೊಲೆ ಎಣಿಸುತ್ತಿದ್ದ.

"ನಡೆದು ಬಂದಿದ್ದಾನೆ ಪ್ರಭು, ಗಟ್ಟಿ ಆಳೇ ಸರಿ. ಕ್ಷೌರ ಮುಂದುವರಿಯಲಿ."

"ಅಯ್ಯೋ, ಹೋಗಿ ಮಲಗು ಅಂತ ಹೇಳ್ರೀ ಇವನಿಗೆ."

"ಒಂದು ಸಲ ಹೇಳಿದ್ದಕ್ಕೇ ಊರು ಬಿಡ್ತಾ ಇದ್ದೀನಿ. ಇನ್ನೊಂದು ಸಲ ಹೇಳಿದರೆ ಸೇರಿಕೊಳ್ಳೋಕೆ ಊರೆಲ್ಲಿದೆ ಪ್ರಭು?"

ಕತ್ತಿ ಮತ್ತೆ ಗಂಟಲಿಗೆ ತಾಗಿತು. ದೊರೆ ಸಣ್ಣಯ್ಯನ ಕೈ ತಳ್ಳಿ ಎದ್ದುನಿಂತ. "ಹಾಳಾಗಿ ಹೋಗ್ಲಿ, ನಾನೇ ಹೇಳ್ತೀನಿ. ಸಣ್ಣಯ್ಯ, ಮನೆಗೆ ಹೋಗಿ ಮಲಗು."

ನಂಜರಸ ಮುಂದೆ ಬಂದು ಕೈಮುಗಿದ. "ಪಂಡಿತರಿಗೆ ಗಡಿಯವರೆಗೆ ಗಾಡಿ ಹೇಳಿದ್ದೆ ಪ್ರಭು. ಇನ್ನೊಬ್ಬರು ಕೂರೋಕೆ ಜಾಗ ಇದೆಯಾ ಅಂತ ವಿಚಾರಿಸಲೇ?"

ದೊರೆ ಕಣ್ಣು ಕೆಂಪಗೆ ಮಾಡಿದ. ನಂಜರಸ ಕಾಯಿದೆಯ ಓಲೆ ಹಿಡಿದು ತೋರಿಸಿದ. 'ಯಾರೇ ಆಗಲಿ'. ಕೆಳಗೆ ದೊರೆಯದೇ ಮುದ್ರೆ. ದೊರೆ ಅದನ್ನು ಎರಡು ಸಲ ಓದಿದ, ಗಂಟಲು ಮುಟ್ಟಿ ನೋಡಿಕೊಂಡ, ಆಮೇಲೆ ತಡೆಯಲಾರದೆ ನಕ್ಕುಬಿಟ್ಟ.

"ಹರಿದುಹಾಕು ಅದನ್ನ. ಹೊಸದು ಬರಿ. ಜ್ವರ ಬಂದವನು ಎಂಟು ದಿನ ಮನೆಯಲ್ಲಿರಲಿ, ಗಂಜಿಗೆ ಅಕ್ಕಿಯನ್ನು ಯಜಮಾನನೇ ಕಳಿಸಲಿ. ಅವನ ಕೆಲಸ ಅವನಿಗೇ ಕಾದಿರಲಿ, ಬೇರೆ ಯಾರೂ ಅದಕ್ಕೆ ಕೈ ಹಾಕಕೂಡದು. ವೈದ್ಯರು ಹೇಳಿದ ಮಾತಿಗೆ ದಂಡನೆ ಇಲ್ಲ. ಇನ್ನೇನಾದರೂ ಇದೆಯಾ ಪಂಡಿತರೇ?"

"ವೈದ್ಯರನ್ನು ಬಿಟ್ಟು, ಜ್ವರದವನು ಮುಟ್ಟಿದವರೆಲ್ಲ ಎಂಟು ದಿನ ಒಳಗೇ ಇರಬೇಕು ಪ್ರಭು. ಯಾರೇ ಆಗಲಿ."

"ಸೇರಿಸು, ಸೇರಿಸು."

ಮುದ್ರೆ ಬಿತ್ತು. ಪಂಡಿತರು ಕೇರಿಯ ಕಡೆ ನಡೆದರು. ಸಣ್ಣಯ್ಯ ಕಂಬಳಿ ಹೊದ್ದು ಮನೆಗೆ ಹೋದ. ಆಗ ದೊರೆ ಗಲ್ಲ ಮುಟ್ಟಿಕೊಂಡ. ಎಡಕ್ಕೆ ನುಣುಪು, ಬಲಕ್ಕೆ ಕುರುಚಲು.

"ನಂಜರಸ, ಬೇರೆ ಕ್ಷೌರಿಕನನ್ನ ಕರೆಸು."

"ಸಣ್ಣಯ್ಯನ ಕೆಲಸಕ್ಕೆ ಬೇರೆಯವರು ಕೈ ಹಾಕೋ ಹಾಗಿಲ್ಲ ಪ್ರಭು. ಮುದ್ರೆಯ ಅರಗು ಇನ್ನೂ ಬಿಸಿಯಾಗೇ ಇದೆ."

"ಹಾಗಾದರೆ ಎಂಟು ದಿನ ಈ ಅರ್ಧ ಗಡ್ಡ ಹೊತ್ತು ಜನಕ್ಕೆ ಹೇಗೆ ಮುಖ ತೋರಿಸಲಿ?"

"ಆ ಚಿಂತೆಯೇ ಬೇಡ ಪ್ರಭು" ಎಂದ ನಂಜರಸ, ಒಂದೊಂದೇ ಹೆಜ್ಜೆ ಹಿಂದೆ ಸರಿಯುತ್ತ. "ಸಣ್ಣಯ್ಯ ಮುಟ್ಟಿದ್ದು ನಿಮ್ಮ ಗಲ್ಲವನ್ನೇ. ಎಂಟು ದಿನ ನೀವು ಯಾರಿಗೂ ಮುಖ ತೋರಿಸೋ ಹಾಗೇ ಇಲ್ಲ."