ಮಾತಾಡಿದವರ ಹೆಸರು

ತರಬೇತಿಗೆ ಹೋಗಿಬಂದ ಮೇಲೆ ಆ ಊರ ಶಾಲೆಯ ಶಿಕ್ಷಕಿ, ಮಕ್ಕಳ ಬಾಯಲ್ಲಿ ಅಕ್ಕೋರು, ಒಂದು ಹೊಸ ರೂಢಿ ಹಾಕಿದ್ದರು. ದಿನಾ ಪ್ರಾರ್ಥನೆ ಮುಗಿದೊಡನೆ ಮಕ್ಕಳು ತಮ್ಮ ಮನಸ್ಸಿನ ಸಂಕಟ ಹೇಳಿಕೊಳ್ಳಬೇಕು. ಒಬ್ಬರು ಬಾಯಿಬಿಟ್ಟರೆ ಸಾಕು, ಉಳಿದವರದೂ ಹೊರಗೆ ಬರುತ್ತಿತ್ತು.

ಶಿಕ್ಷಣ ಇಲಾಖೆಯಿಂದ ತನಿಖೆಗೆ ಬಂದ ಶಿವಪುತ್ರಪ್ಪ ಸಾಹೇಬರು ಅದನ್ನು ಕಂಡು ಕೆರಳಿದರು.

"ಇದೇನ್ ಶಾಲಿಯೋ, ಸಂತಿಯೋ? ಈ ಹರಟಿ ಇವತ್ತಿಗೆ ಬಂದ್. ನಾಳೆ ಮತ್ತ ಬರ್ತೀನಿ. ಒಂದು ಕೂಸು ಪಿಟಕ್ ಅಂದ್ರೂ ನಿಮ್ಮ ವರ್ಗಾವಣೆ ಆತಂತ ತಿಳ್ಕೋರಿ!"

"ಆಗ್ಲಿರಿ ಸಾಹೇಬ್ರ," ಎಂದರು ಅಕ್ಕೋರು. ಆಮೇಲೆ ಮಕ್ಕಳನ್ನು ಹತ್ತಿರ ಕರೆದು ಏನೋ ಹೇಳಿಕೊಟ್ಟರು.

ಮರುದಿನ ಸಾಹೇಬರು ತರಗತಿಗೆ ಕಾಲಿಟ್ಟರು. "ನಮಸ್ತೇ ಸಾರ್" ಎಂಬ ಎಂದಿನ ರಾಗ ಏಳಲಿಲ್ಲ. ಮಕ್ಕಳು ಸದ್ದಿಲ್ಲದೆ ಎದ್ದು ನಿಂತರು. ಅಷ್ಟೂ ಕಣ್ಣು ಸಾಹೇಬರ ಮೇಲೆ. ಒಂದು ರೆಪ್ಪೆಯೂ ಮಿಟುಕಲಿಲ್ಲ.

"ನಿನ್ನ ಹೆಸರೇನವ್ವಾ?" ಸಾಹೇಬರು ಮುಂದಿದ್ದ ಹುಡುಗಿಯನ್ನು ಕೇಳಿದರು.

ತರಗತಿಯ ನಾಯಕಿ ರೇಣವ್ವ ಬರಿಗಾಲಲ್ಲಿ ಹಲಗೆಯ ಹತ್ತಿರ ಹೋದಳು. 'ಮಾತಾಡಿದವರ ಹೆಸರು' ಎಂದು ಅಲ್ಲಿ ಮೊದಲೇ ಬರೆದಿತ್ತು. ಕೆಳಗೆ ಮೆಲ್ಲಗೆ ಬರೆದಳು: ಶಿವಪುತ್ರಪ್ಪ ಸಾಹೇಬರು.

"ಏಯ್! ಏನಿದು?"

ಹೆಸರಿನ ಮುಂದೆ ಒಂದು ಗೀಟು ಬಿತ್ತು.

"ಅಕ್ಕೋರ, ಏನಾಗೇತಿ ಇವಕ್ಕ?"

ಇನ್ನೊಂದು ಗೀಟು. ಅಕ್ಕೋರು ತುಟಿಯ ಮೇಲೆ ಬೆರಳಿಟ್ಟುಕೊಂಡು ನಿಂತೇ ಇದ್ದರು. ಅವರ ರೆಪ್ಪೆಯೂ ಮಿಟುಕಲಿಲ್ಲ.

ಸಾಹೇಬರು ಬಾಗಿಲ ಕಡೆಗೆ ಒಂದು ಹೆಜ್ಜೆ ಹಿಂದೆ ಸರಿದರು. "ಅಕ್ಕೋರ... ನನಗ ಹೆದರಿಕಿ ಆಗಾಕತ್ತೈತ್ರಿ."

ಅಕ್ಕೋರು ಬೆರಳು ತೆಗೆದು ನಕ್ಕರು.

"ಕೇಳಿದ್ರೇನ್ರೋ? ಸಾಹೇಬ್ರು ತಮ್ಮ ಸಂಕಟ ಹೇಳ್ಕೊಂಡ್ರು. ಇನ್ನ ನಿಮ್ಮ ಪಾಳಿ."