ರೇಸಿನ ಬ್ರೇಕ್, ಹಾಲಿನ ಬೂತು

ದೊಡ್ಡ ಕೋಪವನ್ನು ಗೆದ್ದವನಿಗೆ ಸಣ್ಣ ಕೋಪ ಲೆಕ್ಕಕ್ಕಿಲ್ಲ ಎಂದು ಆ ಮಠದಲ್ಲಿ ಎಲ್ಲರೂ ನಂಬಿದ್ದರು. ಅದಕ್ಕೆ ಆಧಾರವೇನೆಂದು ಯಾರೂ ಕೇಳಿರಲಿಲ್ಲ. ಕೇಳುವ ಪದ್ಧತಿ ಅಲ್ಲಿರಲಿಲ್ಲ.

ಊರಿಗೆ ಹೋಗಿ ಬಂದ ಶಿಷ್ಯನೊಬ್ಬ ಗುರುಗಳ ಮುಂದೆ ಕುಳಿತು ಕೇಳಿದ:

"ಬುದ್ಧಿ, ತುಂಬಿದ ಸಭೆಯಲ್ಲಿ ಎದುರಾಳಿಗಳು ನನ್ನನ್ನು ಬಾಯಿಗೆ ಬಂದಂತೆ ಬೈದರು. ನಕ್ಕು ಸುಮ್ಮನಿದ್ದೆ. ಮನೆಯಲ್ಲಿ ಅವ್ವ 'ಉಂಡೆಯಾ' ಎಂದು ಎರಡನೆಯ ಸಲ ಕೇಳಿದಳು. ಲೋಟ ಎಸೆದೆ. ಅವಳ ಹುಬ್ಬಿಗೆ ಬಡಿಯಿತು. ಹೀಗೇಕಾಯಿತು? ಕೋಪ ಗೆಲ್ಲಲು ಈಗಿನದಕ್ಕಿಂತ ಕಠಿಣವಾದ ವ್ರತ ಕೊಡಿ. ಅದನ್ನು ಮುಗಿಸಿಯೇ ಅವಳ ಮುಖ ನೋಡುತ್ತೇನೆ."

ಗುರುಗಳು ವ್ರತ ಕೊಡಲಿಲ್ಲ. ಕತೆ ಹೇಳಿದರು.

ಒಬ್ಬ ವ್ಯಾಪಾರಿ. ಅವನಿಗೆ ರೇಸ್ ಟ್ರ್ಯಾಕಿನಲ್ಲಿ ಕಾರು ಓಡಿಸುವ ಹುಚ್ಚು. ಇದ್ದದ್ದು ಒಂದೇ ಕಾರು. ಭಾನುವಾರ ಟ್ರ್ಯಾಕಿಗೆ, ಉಳಿದ ದಿನ ಅಂಗಡಿಗೆ.

ಒಂದು ಭಾನುವಾರ ಬ್ರೇಕ್ ಕಾದು ಹೊಗೆಯಾಡಿತು. ತಿರುವಿನಲ್ಲಿ ಎಷ್ಟು ಒತ್ತಿದರೂ ಹಿಡಿಯಲಿಲ್ಲ. ಕಾರು ಮರಳಿಗೆ ನುಗ್ಗಿತು. ಅವನಿಗೆ ಏನೂ ಆಗಲಿಲ್ಲ. ಅವಮಾನ ಮಾತ್ರ ಆಯಿತು. ಎಷ್ಟು ಕಾದರೂ ಸೋಲದ ಬ್ರೇಕ್ ಪ್ಯಾಡ್ ಬೇಕೆಂದು ಹುಡುಕಿ, ರೇಸಿನವರು ಹಾಕುವ ಪ್ಯಾಡನ್ನೇ ತಂದು ಹಾಕಿಸಿದ.

ಅದನ್ನು ಅವನು ನೋಡಿಕೊಂಡ ರೀತಿಯನ್ನು ಮೆಚ್ಚಲೇಬೇಕು. ಹೊಸ ಪ್ಯಾಡನ್ನು ಜೋರಾಗಿ ಒತ್ತಿ, ಬಿಟ್ಟು, ಆರಲು ಸಮಯ ಕೊಟ್ಟು ಹದ ಮಾಡಿದ. ಪ್ರತಿ ಭಾನುವಾರ ಚಕ್ರ ಬಿಚ್ಚಿ ಅದರ ದಪ್ಪ ಅಳೆದ. ಬ್ರೇಕ್ ಎಣ್ಣೆ ಹಳತಾಗಲು ಬಿಡಲಿಲ್ಲ. ಓಟ ಮುಗಿದ ಮೇಲೆ ನಿಧಾನವಾಗಿ ಒಂದು ಸುತ್ತು ಹೋಗಿ ಆರಿಸಿಯೇ ಕಾರು ನಿಲ್ಲಿಸುತ್ತಿದ್ದ. ಮೊದಲ ಸುತ್ತಿನಲ್ಲಿ ಯಾರನ್ನೂ ಹಿಂದಿಕ್ಕಲು ಹೋಗಬೇಡಿ ಎಂದು ಹೊಸಬರಿಗೆ ಎಚ್ಚರಿಕೆ ಹೇಳುತ್ತಿದ್ದವನೂ ಅವನೇ. ಮಾತು ಮೀರಿದವರನ್ನು ಬೈಯುತ್ತಿದ್ದ.

ಅವನ ಮನೆಯಲ್ಲಿ ಅಕ್ಕ ಇದ್ದಳು. ಅವನನ್ನು ಸಾಕಿದವಳು. ಮನೆಯಿಂದ ಹಾಲಿನ ಬೂತಿನವರೆಗೆ ಇಳಿಜಾರು. ಕಾರು ಇಳಿಯುವಾಗಲೆಲ್ಲ ಬ್ರೇಕ್ ಕೀರಲು ದನಿ ತೆಗೆಯುತ್ತಿತ್ತು.

"ಏನೋ ಇದು, ಬೀದಿ ನಾಯಿಗಳೆಲ್ಲ ನಿನ್ನ ಜೊತೆ ರಾಗ ಎಳೀತವೆ. ನಿಲ್ಲೋದಕ್ಕೆ ಇಷ್ಟು ಗಲಾಟೆ ಬೇಕಾ? ಸೋಮವಾರ ಆದರೂ ಹಳೇದು ಹಾಕ್ಕೋಬಾರದಾ?" ಎಂದಳು ಅಕ್ಕ.

"ವಾರವಾರ ಬದಲಾಯಿಸ್ತಾ ಇದ್ರೆ ಹದ ಕೆಡುತ್ತೆ ಅಕ್ಕ. ಇನ್ನೂರರಲ್ಲಿ ಓಡೋ ಕಾರನ್ನ ನಿಲ್ಲಿಸೋ ಬ್ರೇಕ್ ಇದು. ನಿನ್ನ ಹಾಲಿನ ಬೂತಿನ ಮುಂದೆ ನಿಲ್ಲಲ್ವಾ?"

"ನಿಲ್ಲುತ್ತೆ ಅನ್ನೋದಾದ್ರೆ ನಾಳೆಯಿಂದ ನೀನೇ ಅಲ್ಲಿ ನಿಲ್ಲಿಸಿ ಹಾಲು ತಂದುಕೊಡು. ನನ್ನ ಮಂಡಿಗೂ ಸ್ವಲ್ಪ ಪುಣ್ಯ ಸಿಗಲಿ."

"ಆಗಲಿ ಮಹಾತಾಯಿ" ಎಂದ. ಮರುದಿನ ಮರೆತ. ಅದರ ಮರುದಿನವೂ ಮರೆತ. ಅವಳು ನೆನಪಿಸಲಿಲ್ಲ, ತಾನೇ ಹೋದಳು.

ಚಳಿಗಾಲದ ಬೆಳಿಗ್ಗೆ. ರಾತ್ರಿಯೆಲ್ಲ ಹೊರಗೆ ನಿಂತಿದ್ದ ಕಾರನ್ನು ಅವನು ಅಂಗಡಿಗೆಂದು ಹೊರಡಿಸಿ ಮೂವತ್ತರ ವೇಗದಲ್ಲಿ ಇಳಿಜಾರಿಗೆ ಬಿಟ್ಟ. ಕೆಳಗೆ ಅಕ್ಕ ಹಾಲು ಹಿಡಿದು ರಸ್ತೆ ದಾಟುತ್ತಿದ್ದಳು. ಅವನು ಅವಳನ್ನು ದೂರದಿಂದಲೇ ಕಂಡ. ಅವಳೂ ಕಂಡಳು, ತಮ್ಮನ ಕಾರೆಂದು ಅವಸರ ಮಾಡಲಿಲ್ಲ. ಅವನು ಎಂದಿನಂತೆ ಬ್ರೇಕ್ ಒತ್ತಿದ. ಆಮೇಲೆ ಬಲವೆಲ್ಲ ಹಾಕಿ ಒತ್ತಿದ. ಕಾರು ನಿಂತಿತು. ಅಕ್ಕ ಇದ್ದ ಜಾಗವನ್ನು ದಾಟಿ ನಿಂತಿತು.

ಅವಳು ಉಳಿಯಲಿಲ್ಲ.

ಪೊಲೀಸರು ಬ್ರೇಕ್ ಬಿಚ್ಚಿಸಿ ನೋಡಿದರು. ಪ್ಯಾಡ್ ಸವೆದಿರಲಿಲ್ಲ. ಎಣ್ಣೆ ಹೊಸದು. ಡಿಸ್ಕ್ ಕನ್ನಡಿಯಂತಿತ್ತು. ಇಷ್ಟು ಚೆನ್ನಾಗಿ ನೋಡಿಕೊಂಡ ಬ್ರೇಕನ್ನು ತಾನು ಕಂಡಿಲ್ಲ ಎಂದು ಪರೀಕ್ಷೆ ಮಾಡಿದವನು ಬರೆದುಕೊಟ್ಟ. ವ್ಯಾಪಾರಿಗೆ ಅದರಿಂದ ಆದ ಉಪಕಾರ ಅಷ್ಟಕ್ಕಷ್ಟೇ. ಆಮೇಲೆ ಅವನು ಪ್ರತಿದಿನ ನಡೆದೇ ಹೋಗಿ ಹಾಲು ತಂದ. ಮನೆಯಲ್ಲಿ ಕುಡಿಯುವವರು ಯಾರೂ ಇರಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು.

"ಇನ್ನೂರರಲ್ಲಿ ಹಿಡಿದ ಬ್ರೇಕ್ ಮೂವತ್ತರಲ್ಲಿ ಹಿಡಿಯಲಿಲ್ಲವೇಕೆ, ಬುದ್ಧಿ?" ಎಂದು ಶಿಷ್ಯ ಕೇಳಿದ.

ಗುರುಗಳು ಹೇಳಿದರು: "ಅದು ಕಾದ ಮೇಲಷ್ಟೇ ಹಿಡಿಯುವ ಬ್ರೇಕ್, ಮನೆಯ ಮುಂದೆ ಅದು ತಣ್ಣಗಿತ್ತು."